ಕರಿಯ ಹಲಗೆಯಲ್ಲಿ ಕರುಣರಸ: ಕೇಟೆ ಕೋಲ್ವಿಟ್ಸಳ ಮರದಚ್ಚುಗಳಲ್ಲಿ ಮಾನವಾಕೃತಿ

ಚಿತ್ರಕಲೆಯ ನಾನಾ ಪ್ರಕಾರಗಳಲ್ಲಿ ಮರದಚ್ಚಿನಷ್ಟು ಬಡವಾದ ಮಾಧ್ಯಮ ಮತ್ತೊಂದಿಲ್ಲ. ತೈಲವರ್ಣಕ್ಕೆ ನೂರಾರು ಛಾಯೆಗಳುಂಟು. ಜಲವರ್ಣಕ್ಕೆ ಒಂದು ಬಣ್ಣ ಇನ್ನೊಂದರೊಳಗೆ ಕರಗುವ ಗುಣವುಂಟು. ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದ ಚಿತ್ರಕ್ಕೆ ಕೂದಲೆಳೆಯಷ್ಟು ನವುರಾದ ಗೆರೆಗಳುಂಟು. ಮರದ ಹಲಗೆಗಾದರೋ ತಿಳಿದಿರುವುದು ಎರಡೇ ಮಾತು: ಉಳಿಸಿದ್ದು ಮತ್ತು ತೆಗೆದದ್ದು. ಉಳಿದ ಮೇಲ್ಮೈ ಮಸಿಯನ್ನು ಹಿಡಿದು ಕಾಗದಕ್ಕೆ ಕೊಡುತ್ತದೆ. ಉಳಿಯಿಂದ ಕೆತ್ತಿ ತೆಗೆದ ಭಾಗ ಬಿಳಿಯಾಗಿ ನಿಲ್ಲುತ್ತದೆ. ನಡುವಿನ ಛಾಯೆ ಬೇಕೆಂದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆದು ಕಣ್ಣನ್ನು ಒಲಿಸಿಕೊಳ್ಳಬೇಕು. ಒಮ್ಮೆ ಕೆತ್ತಿದ್ದನ್ನು ಮತ್ತೆ ತುಂಬುವುದು ಸುಲಭವಲ್ಲ. ಹಲಗೆಯ ಎಳೆ ಒಂದು ದಿಕ್ಕಿಗೆ ಓಡಿದರೆ ಕಲಾವಿದನ ಕೈ ಇನ್ನೊಂದು ದಿಕ್ಕಿಗೆ ಓಡಬಯಸುತ್ತದೆ; ಇವೆರಡರ ಜಗ್ಗಾಟದಲ್ಲಿ ಗೆರೆ ಹುಟ್ಟುತ್ತದೆ. ಇಂಥ ಮಾಧ್ಯಮದಲ್ಲಿ ಮಾನವನ ಮುಖ, ಕೈ, ಬೆನ್ನುಗಳ ಮೂಲಕ ಸೂಕ್ಷ್ಮಭಾವಗಳನ್ನು, ಅದರಲ್ಲಿಯೂ ಮನುಷ್ಯ ಮನುಷ್ಯರ ನಡುವಣ ಸಂಬಂಧವನ್ನು, ವ್ಯಕ್ತಪಡಿಸುವುದು ಸಾಧ್ಯವೆ? ಸಾಧ್ಯವಾದರೆ ಅದು ಮಾಧ್ಯಮದ ಬಡತನವನ್ನು ಮೀರಿ ಆದ ಸಾಧನೆಯೋ, ಆ ಬಡತನದಿಂದಲೇ ಆದ ಸಾಧನೆಯೋ? ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸಳ (೧೮೬೭-೧೯೪೫) ಮರದಚ್ಚುಗಳು ಈ ಪ್ರಶ್ನೆಯನ್ನು ಪರೀಕ್ಷಿಸಲು ತಕ್ಕ ಒರೆಗಲ್ಲಾಗಿವೆ.

ಮರದಚ್ಚಿನ ಇತಿಹಾಸ ದೀರ್ಘವಾದುದು. ಚೀನದಲ್ಲಿ ಕ್ರಿ. ಶ. ೮೬೮ರಲ್ಲಿ ಅಚ್ಚಾದ ವಜ್ರಸೂತ್ರದ ಮೊದಲಲ್ಲಿ ಬುದ್ಧನು ಶಿಷ್ಯರ ನಡುವೆ ಕುಳಿತು ಬೋಧಿಸುವ ಮರದಚ್ಚಿನ ಚಿತ್ರವಿದೆ. ಯುರೋಪಿನಲ್ಲಿ ಡ್ಯೂರರನು ೧೪೯೮ರಲ್ಲಿ ಪ್ರಕಟಿಸಿದ ಪ್ರಳಯದರ್ಶನದ ಚಿತ್ರಮಾಲೆ ಈ ಕಲೆಯನ್ನು ಎತ್ತರಕ್ಕೇರಿಸಿತು. ಆದರೆ ಆ ಕಾಲದ ಪದ್ಧತಿಯಲ್ಲಿ ಚಿತ್ರವನ್ನು ಬರೆಯುವವನೊಬ್ಬ, ಹಲಗೆಯನ್ನು ಕೊರೆಯುವವನೊಬ್ಬ ಆಗಿರುವುದು ಸಾಮಾನ್ಯವಾಗಿತ್ತು. ಕೊರೆಯುವವನ ಜಾಣ್ಮೆಯೆಲ್ಲ ಲೇಖನಿಯ ಗೆರೆಯನ್ನು ಕೂದಲೂ ಕೊಂಕದಂತೆ ಉಳಿಸುವುದರಲ್ಲಿತ್ತು. ಮರವು ತಾನು ಮರವೆಂಬುದನ್ನು ಮರೆಸಿದಷ್ಟೂ ಕೆಲಸ ಚೆನ್ನಾಯಿತೆಂದು ಎಣಿಕೆ. ಹತ್ತೊಂಬತ್ತನೆಯ ಶತಮಾನದ ಸಚಿತ್ರ ಪತ್ರಿಕೆಗಳ ಕಾಲದಲ್ಲಿ ಈ ಜಾಣ್ಮೆ ತನ್ನ ತುದಿಯನ್ನು ಮುಟ್ಟಿತು. ಛಾಯಾಚಿತ್ರದ ಮುದ್ರಣ ಬಂದೊಡನೆ ನಿರರ್ಥಕವಾಯಿತು.

ಕಸಬು ಸತ್ತಲ್ಲಿ ಕಲೆ ಮತ್ತೆ ಹುಟ್ಟಿತು. ೧೮೯೦ರ ದಶಕದಲ್ಲಿ ಗೋಗ್ಯಾನ್ ಮತ್ತು ಮುಂಕ್ ಹಲಗೆಯನ್ನು ತಾವೇ ಕೊರೆಯತೊಡಗಿದರು. ಮರದ ಎಳೆಯನ್ನು ಮರೆಮಾಡದೆ ಚಿತ್ರದ ಅಂಗವಾಗಿಯೇ ಮೂಡಿಸಿದರು. ನಾರ್ವೆಯ ಎಡ್ವರ್ಡ್ ಮುಂಕನು ೧೮೯೬ರಲ್ಲಿ ಪ್ಯಾರಿಸ್ಸಿನಲ್ಲಿ ಮರದಚ್ಚಿಗೆ ಕೈಹಾಕಿದವನು. ಅವನ ‘ಚುಂಬನ’ವೆಂಬ ಚಿತ್ರ ೧೮೯೭ರಿಂದ ೧೯೦೨ರವರೆಗೆ ಹಲವು ರೂಪಗಳನ್ನು ತಾಳಿತು. ಕೊನೆಯ ರೂಪದಲ್ಲಿ ಕೋಣೆಯಿಲ್ಲ, ಕಿಟಕಿಯಿಲ್ಲ, ಪರದೆಯಿಲ್ಲ. ಹಲಗೆಯ ಎಳೆಗಳು ನೆಟ್ಟಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿರುವ ಹಿನ್ನೆಲೆಯ ಮೇಲೆ ಗಂಡುಹೆಣ್ಣುಗಳ ಮೈಗಳು ಒಂದೇ ಕರಿಯ ರಾಶಿಯಾಗಿ ನಿಂತಿವೆ. ಎರಡು ಮುಖಗಳು ಬೆರೆತು ಒಂದಾಗಿವೆ. ಯಾರ ಮುಖದ ಭಾವ ಹೇಗಿದೆಯೆಂದು ನೋಡುವವನು ಕೇಳುವಂತೆಯೇ ಇಲ್ಲ. ಇಲ್ಲಿ ಮುಖ್ಯವಾದ ಒಂದು ಸಂಗತಿ ಸಿದ್ಧವಾಯಿತು: ಮರದಚ್ಚಿನಲ್ಲಿ ಸಂಬಂಧವನ್ನು ಹೇಳುವುದು ಮುಖದ ಚರ್ಯೆಯಲ್ಲ, ಮೈಯ ಹೊರಗೆರೆ. ಎರಡು ಆಕೃತಿಗಳ ನಡುವೆ ಬಿಳಿಯ ಗೆರೆಯೊಂದನ್ನು ಕೊರೆದರೆ ಅವು ಅಗಲುತ್ತವೆ. ಕೊರೆಯದೆ ಬಿಟ್ಟರೆ ಕೂಡುತ್ತವೆ. ಪ್ರೀತಿಯೂ ವಿಯೋಗವೂ ಉಳಿಯ ಒಂದು ಓಟದ ಮೇಲೆ ನಿಂತಿರುತ್ತವೆ.

ಕೋಲ್ವಿಟ್ಸ್ ಈ ಮಾಧ್ಯಮಕ್ಕೆ ಬಂದುದು ತಡವಾಗಿ, ತನ್ನ ಐವತ್ತಮೂರನೆಯ ವಯಸ್ಸಿನಲ್ಲಿ. ಹುಟ್ಟಿದುದು ಪೂರ್ವ ಪ್ರಷ್ಯದ ಕ್ಯೋನಿಗ್ಸ್‌ಬರ್ಗಿನಲ್ಲಿ. ೧೮೯೧ರಲ್ಲಿ ವೈದ್ಯನಾದ ಕಾರ್ಲ್ ಕೋಲ್ವಿಟ್ಸನನ್ನು ಮದುವೆಯಾಗಿ ಬರ್ಲಿನ್ನಿನ ಕಾರ್ಮಿಕರ ಬಡಾವಣೆಯೊಂದರಲ್ಲಿ ನೆಲೆಸಿದಳು. ಪತಿಯ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಬಡ ಹೆಂಗಸರ ಮುಖಗಳು ಅವಳ ಕಲೆಯ ಮೊದಲ ಪಾಠಶಾಲೆ. ‘ನೇಕಾರರ ದಂಗೆ’ (೧೮೯೩-೯೭) ಮತ್ತು ‘ರೈತಯುದ್ಧ’ (೧೯೦೨-೦೮) ಎಂಬ ಎರಡು ಚಿತ್ರಮಾಲೆಗಳಿಂದ ಕೀರ್ತಿ ಬಂದಿತು. ಇವುಗಳಲ್ಲಿ ಮೊದಲನೆಯದು ಕಲ್ಲಚ್ಚು ಮತ್ತು ಆಮ್ಲಕೊರೆತಗಳಲ್ಲಿಯೂ, ಎರಡನೆಯದು ಪೂರ್ತಿಯಾಗಿ ಆಮ್ಲಕೊರೆತದಲ್ಲಿಯೂ ಮೈದಾಳಿದುವು. ಅಲ್ಲಿಯ ಕೈಚಳಕ ಅಸಾಧಾರಣವಾದುದು. ಕತ್ತಲೆಯ ಪದರಗಳು, ಮಂಜಿನಂಥ ಬೆಳಕು, ಸೆಟೆದ ನರಗಳು ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಆದರೆ ಅವು ಕಥೆ ಹೇಳುವ ಚಿತ್ರಗಳು. ನೋಡುವವನು ಘಟನೆಯ ಹೊರಗೆ ನಿಂತು ನೋಡುತ್ತಾನೆ.

೧೯೧೪ರಲ್ಲಿ ಮಹಾಯುದ್ಧ ಮೊದಲಾಯಿತು. ಹದಿನೆಂಟು ವರ್ಷದ ಕಿರಿಯ ಮಗ ಪೀಟರ್ ಸ್ವಯಂಸೇವಕನಾಗಿ ಸೈನ್ಯಕ್ಕೆ ಸೇರಬಯಸಿದನು. ಅವನ ವಯಸ್ಸಿಗೆ ತಂದೆಯ ಒಪ್ಪಿಗೆ ಬೇಕಾಗಿತ್ತು, ತಂದೆ ಒಪ್ಪಲಿಲ್ಲ. ಮಗನ ಪರವಾಗಿ ಮಾತನಾಡಿ ಒಪ್ಪಿಗೆ ಕೊಡಿಸಿದವಳು ತಾಯಿ. ಅದೇ ಅಕ್ಟೋಬರ್ ತಿಂಗಳಲ್ಲಿ ಬೆಲ್ಜಿಯಮ್ಮಿನ ರಣಭೂಮಿಯಲ್ಲಿ ಪೀಟರ್ ಮಡಿದನು. ಕೋಲ್ವಿಟ್ಸಳ ಮುಂದಿನ ಕಲೆಯನ್ನು ವಿಮರ್ಶಿಸುವವರು ಈ ಸಂಗತಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವಳದು ಕೇವಲ ಪುತ್ರಶೋಕವಲ್ಲ. ಆ ಶೋಕದ ಬೇರಿನಲ್ಲಿ ತನ್ನ ಕೈಯೂ ಇದೆಯೆಂಬ ಅರಿವು. ಕಣ್ಣೀರು ಹರಿದುಹೋಗಬಹುದು, ಇಂಥ ಅರಿವು ಹರಿದುಹೋಗುವಂಥದಲ್ಲ.

ಯುದ್ಧವನ್ನು ಚಿತ್ರಿಸಲು ಆಕೆ ವರುಷಗಟ್ಟಲೆ ಹೆಣಗಿದಳು. ಆಮ್ಲಕೊರೆತ ಒಗ್ಗಲಿಲ್ಲ, ಕಲ್ಲಚ್ಚೂ ತೃಪ್ತಿಯನ್ನೀಯಲಿಲ್ಲ. ೧೯೨೦ರ ಜೂನಿನಲ್ಲಿ ಬರ್ಲಿನ್ನಿನ ಪ್ರದರ್ಶನವೊಂದರಲ್ಲಿ ಅರ್ನ್ಸ್ಟ್ ಬಾರ್ಲಾಖನ ಮರದಚ್ಚುಗಳನ್ನು ಕಂಡಾಗ ತನ್ನ ದಾರಿ ಯಾವುದೆಂದು ಹೊಳೆಯಿತು. ಆ ಮಾಧ್ಯಮದಲ್ಲಿ ಮೂಡಿದ ಮೊದಲ ಮಹತ್ವದ ಕೃತಿ ಕಾರ್ಲ್ ಲೀಬ್‌ಕ್ನೆಕ್ಟನ ಸ್ಮಾರಕಚಿತ್ರ. ೧೯೧೯ರ ಜನವರಿ ೧೫ರಂದು ಕೊಲೆಯಾದ ಈ ಕ್ರಾಂತಿಕಾರಿಯ ಮುಖವನ್ನು ಶವಾಗಾರದಲ್ಲಿ ಚಿತ್ರಿಸಿಕೊಳ್ಳಬೇಕೆಂದು ಅವನ ಮನೆಯವರು ಆಕೆಯನ್ನು ಕೇಳಿಕೊಂಡಿದ್ದರು. ಆಕೆ ಅವನ ರಾಜಕೀಯದ ಅನುಯಾಯಿಯಲ್ಲ. ಆದರೂ ಚಿತ್ರವನ್ನು ಮೊದಲು ಆಮ್ಲಕೊರೆತದಲ್ಲಿ, ಬಳಿಕ ಕಲ್ಲಚ್ಚಿನಲ್ಲಿ, ಕೊನೆಗೆ ಮರದಲ್ಲಿ ಬಿಡಿಸಿದಳು. ಕೆಳಗೆ ಬಿಳಿಯ ಹೊದಿಕೆಯಲ್ಲಿ ಶವ ಅಡ್ಡಲಾಗಿ ಮಲಗಿದೆ. ಮೇಲೆ ದುಃಖಿತರು ಒಬ್ಬರ ಮೇಲೊಬ್ಬರು ಒತ್ತರಿಸಿ ಬಾಗಿದ್ದಾರೆ. ಒಬ್ಬ ಕಾರ್ಮಿಕನ ದೊಡ್ಡ ಕೈ ಶವದ ಎದೆಯ ಮೇಲೆ ಊರಿದೆ. ಇದು ಬದುಕಿರುವವರು ಸತ್ತವನಿಗೆ ಸಲ್ಲಿಸಿದುದೆಂಬ ಅರ್ಥದ ಬರೆಹ ಚಿತ್ರದ ಕೆಳಗಿದೆ. ಸತ್ತವರು ಬದುಕಿದವರೊಡನೆ ಮಾತಾಡುವ ೧೮೪೮ರ ಜರ್ಮನ್ ಕವಿತೆಯೊಂದರ ಶೀರ್ಷಿಕೆಯನ್ನು ಅದು ತಿರುವುಮುರುವು ಮಾಡುತ್ತದೆ. ಚಿತ್ರದಲ್ಲಿಯೂ ಆಗಿರುವುದು ಇದೇ. ನಾಯಕನ ಮುಖ ಅಲ್ಲಿದ್ದರೂ ನೋಟ ನಿಲ್ಲುವುದು ಬಾಗಿದ ಬೆನ್ನುಗಳ ಮೇಲೆ. ಸತ್ತವನ ಸ್ಮಾರಕವಾಗಬೇಕಾದುದು ಅಗಲಿಕೆಯನ್ನು ಹೊರುವವರ ಸ್ಮಾರಕವಾಯಿತು.

ಇದರ ಬೆನ್ನಲ್ಲಿಯೇ ‘ಯುದ್ಧ’ವೆಂಬ ಏಳು ಚಿತ್ರಗಳ ಮಾಲೆ ಸಿದ್ಧವಾಗಿ ೧೯೨೩ರಲ್ಲಿ ಪ್ರಕಟವಾಯಿತು. ‘ಬಲಿ’, ‘ಸ್ವಯಂಸೇವಕರು’, ‘ತಂದೆತಾಯಿ’, ‘ವಿಧವೆ’ ಎಂಬ ಹೆಸರಿನವು ಎರಡು, ‘ತಾಯಂದಿರು’, ‘ಜನ’ ಎಂಬುವೇ ಆ ಏಳು. ಹೆಸರು ಯುದ್ಧವಾದರೂ ಇದರಲ್ಲಿ ತುಪಾಕಿಯಿಲ್ಲ, ಕಂದಕವಿಲ್ಲ, ಬಾವುಟವಿಲ್ಲ, ಶತ್ರುವಿಲ್ಲ. ಯುದ್ಧವೆಂದರೆ ಮನೆಗೆ ಬಂದು ಮುಟ್ಟುವ ಸುದ್ದಿ. ಆ ಸುದ್ದಿಯನ್ನು ಕೇಳಿದ ಮೈಗಳು ಏನಾದುವೆಂಬುದಷ್ಟೆ ಇಲ್ಲಿನ ವಸ್ತು.

ಮೊದಲ ಚಿತ್ರ ‘ಬಲಿ’. ಬೆತ್ತಲೆ ಮೈಯ ತಾಯಿಯೊಬ್ಬಳು ಎಳೆಯ ಮಗುವನ್ನು ಎರಡು ಕೈಗಳಲ್ಲಿ ಹಿಡಿದು ನೀಡಿದ್ದಾಳೆ. ಕರಿಯ ಹೊದಿಕೆಯೊಂದು ಹಿಂದಿನಿಂದ ಅವಳನ್ನು ಸುತ್ತುವರಿದಿದೆ. ಮೇಲುನೋಟಕ್ಕೆ ಇದು ತಾಯಿಯ ತ್ಯಾಗವನ್ನು ಕೊಂಡಾಡುವ ಚಿತ್ರವೆಂದು ತೋರಬಹುದು. ಯುದ್ಧಕಾಲದ ಸರಕಾರಗಳು ಎಲ್ಲ ದೇಶಗಳಲ್ಲಿಯೂ ತಾಯಂದಿರನ್ನು ಹೀಗೆಯೇ ಕೊಂಡಾಡಿದುವು. ಆದರೆ ಆ ಕೈಗಳನ್ನು ಗಮನಿಸಿದರೆ ಸಂಶಯ ಮೂಡುತ್ತದೆ. ಅವು ಕೊಡುತ್ತಿವೆಯೋ, ಕೊಡಲಾರದೆ ಹಿಡಿದುಕೊಂಡಿವೆಯೋ? ಮಗು ನಿದ್ದೆಯಲ್ಲಿದೆ, ತನ್ನನ್ನು ಯಾರಿಗೆ ನೀಡಲಾಗುತ್ತಿದೆಯೆಂಬುದು ಅದಕ್ಕೆ ತಿಳಿಯದು. ಸೈನ್ಯಕ್ಕೆ ಹೋದವನು ಹದಿನೆಂಟರ ತರುಣ; ಆದರೆ ತಾಯಿಯ ನೆನಪಿನಲ್ಲಿ ಆಕೆ ಒಪ್ಪಿಸಿದ್ದು ಕೈಕೂಸನ್ನು. ಈ ಚಿತ್ರವನ್ನು ತ್ಯಾಗದ ಸ್ತುತಿಯೆಂದು ಓದುವುದು ಎಷ್ಟು ತಪ್ಪೋ, ಯುದ್ಧಕ್ಕೆ ಹೂಡಿದ ಆಪಾದನೆಯೆಂದು ಮಾತ್ರ ಓದುವುದೂ ಅಷ್ಟೇ ತಪ್ಪು. ಆಪಾದನೆಯ ಬೆರಳು ಮೊದಲು ತೋರುವುದು ಕೊರೆದವಳ ಎದೆಯನ್ನೆ.

‘ತಂದೆತಾಯಿ’ ಎಂಬ ಮೂರನೆಯ ಚಿತ್ರ ಈ ಮಾಲೆಯ ಹೃದಯ. ಆಕೆ ಇದನ್ನು ಒಂದಕ್ಕಿಂತ ಹೆಚ್ಚು ಬಾರಿ ಹೊಸದಾಗಿ ಕೊರೆದಳು. ಇಬ್ಬರೂ ಮಂಡಿಯೂರಿದ್ದಾರೆ. ತಂದೆ ಒಂದು ಕೈಯಿಂದ ತನ್ನ ಮುಖವನ್ನು ಮುಚ್ಚಿಕೊಂಡು ಇನ್ನೊಂದರಿಂದ ಕುಸಿದ ಹೆಂಡತಿಯನ್ನು ಆನಿಸಿಕೊಂಡಿದ್ದಾನೆ; ಅವಳ ಮುಖ ಅವನ ಮೈಯಲ್ಲಿ ಹುದುಗಿದೆ. ಎರಡು ಮುಖಗಳೂ ಕಾಣವು. ಅಲ್ಲಿ ಕಾಣುವುದು ಕರಿಯ ಗುಡ್ಡದಂಥ ಒಂದೇ ಆಕಾರ. ಅದರಲ್ಲಿ ಬೆಳಕು ಬಿದ್ದಿರುವುದು ಕೈಗಳ ಮೇಲೆ, ತಲೆಯ ಮೇಲೆ, ಬಟ್ಟೆಯ ಮಡಿಕೆಗಳ ಮೇಲೆ. ಮುಂಕನ ‘ಚುಂಬನ’ದಲ್ಲಿ ಎರಡು ಮೈಗಳನ್ನು ಒಂದು ಮಾಡಿದ ಉಪಾಯವೇ ಇಲ್ಲಿಯೂ ಕೆಲಸಮಾಡಿದೆ, ಅಲ್ಲಿ ಕಾಮ ಒಂದುಗೂಡಿಸಿದ್ದನ್ನು ಇಲ್ಲಿ ಶೋಕ ಒಂದುಗೂಡಿಸಿದೆ. ‘ವಿಧವೆ’ಯ ಮೊದಲ ಚಿತ್ರದಲ್ಲಿ ಬಸುರಿಯಾದ ಹೆಣ್ಣು ಒಬ್ಬಳೇ ನಿಂತಿದ್ದಾಳೆ; ಅಪ್ಪಲು ಯಾರೂ ಇಲ್ಲದೆ ಅವಳ ದೊಡ್ಡ ಕೈಗಳು ತನ್ನ ಮೈಯನ್ನೇ ಅಪ್ಪಿಕೊಂಡಂತಿವೆ. ಎರಡನೆಯದರಲ್ಲಿ ಹೆಣ್ಣೊಬ್ಬಳು ಎದೆಯ ಮೇಲೆ ಮಗುವಿನೊಡನೆ ಸತ್ತು ಬಿದ್ದಿದ್ದಾಳೆ. ‘ತಾಯಂದಿರು’ ಚಿತ್ರದಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿ ಕೋಟೆಯಂತೆ ನಿಂತಿದ್ದಾರೆ; ಕೋಟೆಯ ಸಂದಿಯಿಂದ ಮಕ್ಕಳ ಮುಖಗಳು ಇಣುಕುತ್ತವೆ. ಒಂದು ಚಿತ್ರದಿಂದ ಮತ್ತೊಂದಕ್ಕೆ ಹೋಗುವಾಗ ಆಲಿಂಗನವೆಂಬ ಒಂದೇ ಕ್ರಿಯೆ ಬೇರೆ ಬೇರೆ ಅರ್ಥಗಳನ್ನು ಪಡೆಯುತ್ತ ಹೋಗುವುದನ್ನು ಗಮನಿಸಬೇಕು: ಆನಿಕೆ, ಅನಾಥತೆ, ಕಾವಲು. ಮೊದಲ ಚಿತ್ರದಲ್ಲಿ ಮಗುವನ್ನು ಮುಂದಕ್ಕೆ ನೀಡಿದ ಕೈ ಆರನೆಯ ಚಿತ್ರದಲ್ಲಿ ಹಿಂದಕ್ಕೆ ಎಳೆದುಕೊಂಡಿದೆ. ಎಂಟು ವರುಷಗಳ ಪಶ್ಚಾತ್ತಾಪ ಆ ಎರಡು ಚಿತ್ರಗಳ ನಡುವೆ ಇದೆ.

ಭಾರತೀಯ ಕಾವ್ಯಮೀಮಾಂಸೆಯ ದೃಷ್ಟಿಯಿಂದ ಈ ಚಿತ್ರಗಳನ್ನು ನೋಡುವುದು ಅನುಚಿತವಾಗಲಾರದು. ಲೌಕಿಕವಾದ ಶೋಕ ಬೇರೆ, ಅದರಿಂದ ಮೂಡುವ ಕರುಣರಸ ಬೇರೆ ಎಂಬುದು ನಮ್ಮ ಆಲಂಕಾರಿಕರ ಮೂಲಸಿದ್ಧಾಂತ. ಕ್ರೌಂಚವಧದ ಪ್ರಸಂಗವನ್ನು ವಿವರಿಸುವಾಗ ಅಭಿನವಗುಪ್ತನು ಆ ಶೋಕವನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಬಾರದೆಂದು ಎಚ್ಚರಿಸುತ್ತಾನೆ. ಸ್ವಂತ ದುಃಖದಲ್ಲಿ ಮುಳುಗಿದವನಿಗೆ ಕಾವ್ಯ ಹುಟ್ಟದು. ಹಾಗಾದರೆ ಮಗನನ್ನು ಕಳೆದುಕೊಂಡ ತಾಯಿ ತನ್ನ ಶೋಕವನ್ನೇ ವಸ್ತುವಾಗಿ ಹಿಡಿದಾಗ ರಸ ಸಿದ್ಧಿಸುವುದು ಹೇಗೆ? ಭಟ್ಟನಾಯಕನು ಹೇಳಿದ ಸಾಧಾರಣೀಕರಣ ಇಲ್ಲಿ ಆಗುವುದಾದರೂ ಯಾವುದರಿಂದ? ಕಾಲದಿಂದ ಎಂಬುದು ಉತ್ತರದ ಒಂದು ಭಾಗ; ಮಗ ಸತ್ತುದು ೧೯೧೪ರಲ್ಲಿ, ಈ ಹಲಗೆಗಳು ಸಿದ್ಧವಾದುದು ೧೯೨೧-೨೨ರಲ್ಲಿ. ಆದರೆ ಕಾಲವೊಂದೇ ಸಾಲದು. ಅಷ್ಟು ಕಾಲದಲ್ಲಿ ಬೇರೆ ಮಾಧ್ಯಮಗಳು ಕೈಕೊಟ್ಟುವಲ್ಲವೆ? ಉತ್ತರದ ಇನ್ನೊಂದು ಭಾಗ ಮರದಲ್ಲಿಯೇ ಇದೆ. ಪೀಟರನ ಮುಖದ ಹೋಲಿಕೆ, ಅವನ ಅಂಗಿಯ ಗುಂಡಿ, ಮನೆಯ ಮೇಜು, ದೀಪ ಮುಂತಾದ ಸ್ವಂತದ ವಿವರಗಳನ್ನು ಸೀಸದ ಕಡ್ಡಿ ಒಲಿದು ಉಳಿಸಿಕೊಳ್ಳುತ್ತದೆ, ಉಳಿ ಉಳಿಸಿಕೊಳ್ಳದು. ‘ಇದು ನನ್ನದು’ ಎನ್ನುವಂಥ ಪ್ರತಿಯೊಂದು ವಿವರವನ್ನೂ ಮರ ನಿರಾಕರಿಸುತ್ತದೆ. ಕೊನೆಗೆ ಉಳಿಯುವುದು ಬಾಗಿದ ಬೆನ್ನು, ಮುಚ್ಚಿದ ಮುಖ, ಹಿಡಿದ ಕೈ ಮಾತ್ರ. ನಾಟ್ಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ವಿಭಾವ ಅಳಿದು ಅನುಭಾವ ಮಾತ್ರ ನಿಲ್ಲುತ್ತದೆ; ಅದರಲ್ಲಿಯೂ ಕಣ್ಣೀರು ಮೊದಲಾದ ಸುಲಭದ ಚಿಹ್ನೆಗಳಲ್ಲ, ಅಂಗಗಳು ಭಾರದಿಂದ ಕುಸಿಯುವ ಚಿಹ್ನೆ. ನೋಡುವವನು ಯಾವ ದೇಶದವನಾದರೂ ಆ ಬೆನ್ನಿನಲ್ಲಿ ತನ್ನ ಮನೆಯವರ ಬೆನ್ನನ್ನು ಕಾಣಬಲ್ಲನು. ಮಾಧ್ಯಮದ ಬಡತನವೇ ಇಲ್ಲಿ ರಸಸಿದ್ಧಿಯ ಸಾಧನವಾಗಿದೆ.

ಮುಂಬಯಿಯ ಕನ್ನಡಿಗರಿಗೆ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳ ಪರಿಚಯ ಚೆನ್ನಾಗಿಯೇ ಉಂಟು. ನರ್ತಕಿಯ ಮೈಯನ್ನು ನಾಲ್ಕಾರು ಗೆರೆಗಳಲ್ಲಿ ಹಿಡಿಯುವ ಆ ರೇಖೆಯ ಸೊಗಸು ಅದರ ಓಟದಲ್ಲಿದೆ. ಕಾಗದದ ಮೇಲೆ ಅದಕ್ಕೆ ತಡೆಯೆಂಬುದೇ ಇಲ್ಲ. ಕೋಲ್ವಿಟ್ಸಳ ಗೆರೆಯ ಗುಣ ಇದಕ್ಕೆ ತೀರ ವಿರುದ್ಧವಾದುದು. ಅದು ಓಡುವುದಿಲ್ಲ, ತಡೆಯನ್ನು ತಳ್ಳಿಕೊಂಡು ಹೋಗುತ್ತದೆ. ಹೆಬ್ಬಾರರ ಗೆರೆ ಕರಿಯದು, ಬರೆದದ್ದು. ಇವಳ ಗೆರೆ ಬಿಳಿಯದು, ಕಳೆದದ್ದು. ಆನಂದಕ್ಕೆ ಮೊದಲನೆಯದು ಎಷ್ಟು ಸಹಜವೋ ಶೋಕಕ್ಕೆ ಎರಡನೆಯದು ಅಷ್ಟು ಸಹಜ.

ಹೀಗೆಂದು ಮಾಲೆಯ ಎಲ್ಲ ಚಿತ್ರಗಳೂ ಸಮಾನವಾಗಿ ಗೆದ್ದಿವೆಯೆಂದು ಹೇಳಲಾಗದು. ‘ಸ್ವಯಂಸೇವಕರು’ ಚಿತ್ರದಲ್ಲಿ ಮೃತ್ಯುವು ನಗಾರಿ ಬಾರಿಸುತ್ತ ತರುಣರನ್ನು ನಡೆಸಿಕೊಂಡು ಹೋಗುತ್ತಾನೆ. ಅವನ ಪಕ್ಕದಲ್ಲಿರುವವನು ಪೀಟರನೆಂದು ಹೇಳುವುದುಂಟು. ಮೃತ್ಯುವಿನ ಕುಣಿತ ಯುರೋಪಿನ ಹಳೆಯ ಸಂಕೇತ. ಹೋಲ್ಬೈನನ ಮರದಚ್ಚುಗಳು ಅದನ್ನು ೧೫೩೮ರಷ್ಟು ಹಿಂದೆಯೇ ಮನೆಮಾತು ಮಾಡಿದ್ದುವು. ಚಿತ್ರದಲ್ಲಿ ಆವೇಶವಿದೆ, ವೇಗವಿದೆ. ಆದರೆ ಸಂಕೇತ ಬಂದ ಕೂಡಲೆ ಮೈಗಳು ಮಾತಾಡುವುದನ್ನು ನಿಲ್ಲಿಸಿ ಅರ್ಥವನ್ನು ಹೊರತೊಡಗುತ್ತವೆ. ‘ತಂದೆತಾಯಿ’ಗೆ ವ್ಯಾಖ್ಯಾನ ಬೇಡ, ‘ಸ್ವಯಂಸೇವಕರಿ’ಗೆ ಬೇಕು. ೧೯೨೫ರ ‘ಶ್ರಮಜೀವಿಗಳು’ ಎಂಬ ಮೂರು ಚಿತ್ರಗಳ ಮಾಲೆಯಲ್ಲಿಯೂ ಇಂಥ ಏರುಪೇರನ್ನು ಕಾಣಬಹುದು. ಹಸಿವನ್ನು ಕುರಿತ ಚಿತ್ರ ಕೂಗುತ್ತದೆ, ಪುಟ್ಟ ಶವಪೆಟ್ಟಿಗೆಯನ್ನು ಹಿಡಿದ ತಾಯಿಯ ಚಿತ್ರ ಸುಮ್ಮನಿದ್ದು ಹೆಚ್ಚನ್ನು ಹೇಳುತ್ತದೆ. ಈಕೆಯ ಕಲೆಯನ್ನು ಪ್ರಚಾರವೆಂದು ತಳ್ಳಿಹಾಕುವವರಿಗೆ ಉತ್ತರ ಇಲ್ಲಿಯೇ ದೊರೆಯುತ್ತದೆ. ಪ್ರಚಾರಕ್ಕೆ ನೋಡುವವನ ಒಪ್ಪಿಗೆ ಬೇಕು; ಇವಳ ಉತ್ತಮ ಚಿತ್ರಗಳು ಕೇಳುವುದು ಒಪ್ಪಿಗೆಯನ್ನಲ್ಲ, ಸಹಾನುಭೂತಿಯನ್ನು.

ಅಚ್ಚಿನ ಚಿತ್ರಕ್ಕೆ ಇನ್ನೊಂದು ಗುಣವುಂಟು: ಅದು ಅಗ್ಗ, ಹಗುರ, ದೇಶಾಂತರ ಹೋಗಬಲ್ಲುದು. ಈ ಹಾಳೆಗಳು ಲೋಕವನ್ನೆಲ್ಲ ಸುತ್ತಬೇಕೆಂಬ ಆಸೆಯನ್ನು ಆಕೆ ೧೯೨೨ರಲ್ಲಿ ರೊಮೆ ರೊಲಾನಿಗೆ ಬರೆದ ಕಾಗದದಲ್ಲಿ ತೋಡಿಕೊಂಡಿದ್ದಳು. ಆಸೆ ವಿಚಿತ್ರವಾದ ರೀತಿಯಲ್ಲಿ ಕೈಗೂಡಿತು. ೧೯೩೧ರ ಫೆಬ್ರವರಿಯಲ್ಲಿ ಚೀನದ ತರುಣ ಲೇಖಕ ರೌ ಷಿಗೆ ಮರಣದಂಡನೆಯಾದಾಗ ಅವನ ಹಿರಿಯ ಮಿತ್ರನಾದ ಲೂ ಷುನ್ ಬಹಿರಂಗವಾಗಿ ಶೋಕಿಸುವಂತಿರಲಿಲ್ಲ. ಅದೇ ವರ್ಷ ಒಂದು ಸಾಹಿತ್ಯಪತ್ರಿಕೆಯಲ್ಲಿ ಕೋಲ್ವಿಟ್ಸಳ ‘ಬಲಿ’ಯನ್ನು ಅಚ್ಚುಹಾಕಿಸಿದನು, ಅವನ ಪಾಲಿಗೆ ಅದೇ ಮಿತ್ರನ ಶ್ರಾದ್ಧ. ಬರ್ಲಿನ್ನಿನ ತಾಯಿಯೊಬ್ಬಳ ಪಶ್ಚಾತ್ತಾಪ ಷಾಂಘಾಯಿಯ ಸ್ನೇಹಿತನೊಬ್ಬನ ಮಾತಾಗಿ ಒದಗಿತು. ಸಾಧಾರಣೀಕರಣಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ೧೯೩೧ರಲ್ಲಿಯೇ ಅವನು ಷಾಂಘಾಯಿಯಲ್ಲಿ ತರುಣರಿಗೆ ಮರದಚ್ಚಿನ ತರಗತಿಯೊಂದನ್ನು ನಡೆಯಿಸಿದನು. ೧೯೩೬ರಲ್ಲಿ, ತಾನು ತೀರಿಕೊಂಡ ವರ್ಷವೇ, ಅವಳ ಚಿತ್ರಸಂಪುಟವನ್ನು ಹೊರತಂದನು.

ಚೀನದ ಮರದಚ್ಚುಗಳ ಮಾದರಿಯೂ ಕೋಲ್ವಿಟ್ಸಳ ಚಿತ್ರಗಳೂ ಬಂಗಾಳವನ್ನು ಮುಟ್ಟಿದುವು. ೧೯೪೩ರ ಕ್ಷಾಮವನ್ನು ಕಣ್ಣಾರೆ ಕಂಡು ಚಿತ್ರಿಸಿದ ಚಿತ್ತಪ್ರಸಾದ (೧೯೧೫-೧೯೭೮) ೧೯೪೬ರಿಂದ ಬಹುಕಾಲ ಮುಂಬಯಿಯಲ್ಲಿಯೇ ನೆಲೆಸಿ, ಲಿನೋಲಿಯಮ್ ಹಲಗೆಯಲ್ಲಿ ದುಡಿಯುವ ಮಕ್ಕಳ ಚಿತ್ರಗಳನ್ನು ಕೊರೆದನು. ಸೋಮನಾಥ ಹೋರ್ (೧೯೨೧-೨೦೦೬) ೧೯೪೬ರ ಡಿಸೆಂಬರಿನಲ್ಲಿ ತೇಭಾಗ ಚಳವಳಿಯ ಗೇಣಿದಾರರ ನಡುವೆ ಇದ್ದು ಬಿಡಿಸಿಕೊಂಡ ರೇಖಾಚಿತ್ರಗಳಿಂದ ಮರದಚ್ಚುಗಳನ್ನು ತಯಾರಿಸಿದನು. ರಾತ್ರಿಯ ಸಭೆಯಲ್ಲಿ ದೀಪದ ಸುತ್ತ ಕುಳಿತ ರೈತರ ಬೆನ್ನುಗಳನ್ನು ನೋಡಿದವರಿಗೆ ಲೀಬ್‌ಕ್ನೆಕ್ಟನ ಸ್ಮಾರಕದ ಬೆನ್ನುಗಳು ನೆನಪಾಗದೆ ಇರವು. ಆದರೆ ಒಂದು ವ್ಯತ್ಯಾಸವುಂಟು: ಅಲ್ಲಿ ಬೆನ್ನುಗಳು ಸತ್ತವನ ಕಡೆಗೆ ಬಾಗಿವೆ, ಇಲ್ಲಿ ಒಬ್ಬರ ಮಾತಿಗೆ ಒಬ್ಬರು ಕಿವಿಗೊಟ್ಟಿವೆ. ಎಪ್ಪತ್ತರ ದಶಕದಲ್ಲಿ ಹೋರ್ ಮಾನವಾಕೃತಿಯನ್ನೂ ಮಸಿಯನ್ನೂ ಬಿಟ್ಟು, ಬಿಳಿಯ ಕಾಗದದ ಮೆದುವಿನಲ್ಲಿಯೇ ಸೀಳುಗಳನ್ನು ಮೂಡಿಸಿ ‘ಗಾಯಗಳು’ ಎಂದು ಕರೆದನು. ಹಲಗೆಯನ್ನು ಕೊರೆಯುವುದೆಂದರೆ ಗಾಯಮಾಡುವುದೇ ಎಂಬ ಅರಿವು ಕೋಲ್ವಿಟ್ಸಳ ಕೃತಿಗಳಲ್ಲಿ ಮೊದಲೇ ಅಡಗಿತ್ತೆನ್ನಬಹುದು.

ಕೊನೆಗೆ ಒಂದು ಹೋಲಿಕೆಯನ್ನು ಮಾಡದೆ ಈ ವಿಷಯವನ್ನು ಮುಗಿಸುವುದು ಸರಿಯಾಗದು. ಮಗನಿಗಾಗಿ ಆಕೆ ಹದಿನೇಳು ಹದಿನೆಂಟು ವರುಷ ಹೆಣಗಿ ಸಿದ್ಧಪಡಿಸಿದ ಶಿಲಾಸ್ಮಾರಕ ೧೯೩೨ರಲ್ಲಿ ಬೆಲ್ಜಿಯಮ್ಮಿನ ರೊಗ್ಗೆವೆಲ್ಡೆಯ ಸೈನಿಕರ ಸ್ಮಶಾನದಲ್ಲಿ ಸ್ಥಾಪಿತವಾಯಿತು. ಈಗ ಅದು ವ್ಲಾಡ್ಸ್‌ಲೋದಲ್ಲಿದೆ. ಅಲ್ಲಿಯೂ ತಂದೆತಾಯಿಗಳೇ ಮಂಡಿಯೂರಿದ್ದಾರೆ. ಆದರೆ ಇಬ್ಬರೂ ಬೇರೆ ಬೇರೆ ಪೀಠಗಳ ಮೇಲಿದ್ದಾರೆ. ತಂದೆ ತನ್ನ ತೋಳುಗಳಿಂದ ತನ್ನನ್ನೇ ಬಿಗಿದುಕೊಂಡು ನೆಟ್ಟಗೆ ನೋಡುತ್ತಾನೆ. ತಾಯಿ ನೆಲಕ್ಕೆ ಬಾಗಿದ್ದಾಳೆ. ನಡುವೆ ಬರಿಯ ಬಯಲು. ಮರದಲ್ಲಿ ಒಂದೇ ರಾಶಿಯಾಗಿದ್ದವರು ಕಲ್ಲಿನಲ್ಲಿ ಅಗಲಿದರು. ಎರಡರಲ್ಲಿ ಯಾವುದು ನಿಜ? ಒಪ್ಪಿಗೆ ಕೊಡಲೊಲ್ಲದ ತಂದೆ, ಕೊಡಿಸಿದ ತಾಯಿ ಎಂಬ ಸಂಗತಿಯನ್ನು ನೆನೆದರೆ ಶಿಲ್ಪದ ಆ ಬಯಲು ನಿಜವೆನ್ನಿಸುತ್ತದೆ. ಆದರೂ ಆ ತಂದೆಯ ಕೈಯೇ ಕುಸಿದವಳನ್ನು ಆನಿಸಿಕೊಂಡಿತೆಂಬುದನ್ನು ಮರದಚ್ಚು ಸಾರುತ್ತದೆ, ಅದೂ ನಿಜವೆ. ನಾತ್ಸಿ ಸರಕಾರ ೧೯೩೩ರಲ್ಲಿ ಆಕೆಯನ್ನು ಪ್ರಷ್ಯದ ಕಲಾ ಅಕಾಡೆಮಿಯಿಂದ ಹೊರಹಾಕಿತು. ೧೯೪೨ರಲ್ಲಿ ಪೀಟರನ ಹೆಸರನ್ನೇ ಹೊತ್ತ ಮೊಮ್ಮಗ ಮತ್ತೊಂದು ಯುದ್ಧದಲ್ಲಿ ಸತ್ತನು. ೧೯೪೫ರ ಏಪ್ರಿಲಿನಲ್ಲಿ, ಯುದ್ಧ ಮುಗಿಯಲು ಕೆಲವೇ ದಿನಗಳಿದ್ದಾಗ, ಆಕೆಯೂ ತೀರಿಕೊಂಡಳು. ಚಿತ್ರಗಳು ಯುದ್ಧವನ್ನು ತಡೆಯಲಿಲ್ಲ. ತಡೆಯುವುದು ಕಲೆಯ ಕೈಯಲ್ಲಿಲ್ಲ. ಶೋಕದಲ್ಲಿ ಒಂಟಿಯಾದವರನ್ನು ಒಂದೇ ಹಲಗೆಯ ಮೇಲೆ, ನಡುವೆ ಗೆರೆ ಕೊರೆಯದೆ ಕೂಡಿಸುವುದು ಮಾತ್ರ ಅದರ ಕೈಯಲ್ಲಿದೆ. ಕೋಲ್ವಿಟ್ಸ್ ಅಷ್ಟನ್ನು ಮಾಡಿದಳು.